ಗಡ್ಡಕ್ಕೆ ಸಿಕ್ಕ ಮರ್ಯಾದೆ

ಆ ಮನೇಲಿ ಕ್ರಿಸ್‌ಮಸ್ ತಾತನ ವೇಷ ಹಾಕೋದು ಅಳಿಯನ ಕೆಲಸ. ಗಂಡುಮಕ್ಕಳು ಇಬ್ಬರಿದ್ರು, ಗೂಳಿ ಥರ ಬೆಳೆದಿದ್ರು, ಆದ್ರೆ ಅವರು ಹಾಕೋ ಹಾಗಿಲ್ಲ. ಮನೆ ಮಗ ಹಾಕಿದ್ರೆ ಮಕ್ಕಳು ತಟ್ಟಂತ ಗುರುತು ಹಿಡಿದುಬಿಡ್ತಾವೆ ಅನ್ನೋದು ಅತ್ತೆಯ ವಾದ. ಅಳಿಯ ಆದ್ರೆ ಆ ಭಯ ಇಲ್ಲ. ಅಳಿಯನ ಮುಖಾನ ಆ ಮನೇಲಿ ಯಾರು ನೆಟ್ಟಗೆ ನೋಡಿದ್ರು, ಗುರುತು ಹಿಡಿಯೋಕೆ?

ಹಿರಿ ಅಳಿಯ ಪ್ಲಂಬರ್. ಭಾವಮೈದುನರು ಅವನನ್ನ ನಲ್ಲಿ ಭಾವ ಅಂತಿದ್ರು, ಅವರ ಮಕ್ಕಳು ನಲ್ಲಿ ಮಾಮ ಅಂತಿದ್ವು. ಮದುವೆಯಾದ ಮೊದಲನೇ ಕ್ರಿಸ್‌ಮಸ್‌ಗೆ ಅವನ ತಲೆ ಮೇಲೆ ಆ ಕೆಂಪು ಟೋಪಿ ಇಟ್ಟಿದ್ದು, ಆಮೇಲೆ ಇಳಿಸಿದವರೇ ಇಲ್ಲ. ಕಿರಿ ಮಗಳಿಗೆ ಮದುವೆಯಾಗಿ ಇನ್ನೊಬ್ಬ ಅಳಿಯ ಬಂದ್ರೆ ತಾನೆ ಇವನಿಗೆ ಬಿಡುಗಡೆ? ಆ ಮಹಾರಾಯಿತಿಯೋ, ನೋಡೋಕೆ ಬಂದ ಗಂಡಿಗೆಲ್ಲ ಒಂದೊಂದು ಕೊಂಕು ತೆಗೆದಳು. ಒಬ್ಬನಿಗೆ ಮೂಗು ಉದ್ದ, ಇನ್ನೊಬ್ಬನ ಅಮ್ಮನಿಗೆ ನಾಲಿಗೆ ಉದ್ದ. ಮೂಗು ನಾಲಿಗೆ ಅಳೆಯೋದ್ರಲ್ಲೇ ಇಪ್ಪತ್ತು ವರ್ಷ ಹೋಯ್ತು. ನಲ್ಲಿ ಭಾವ ಮಂಡಿಯೂರಿದಾಗಲೆಲ್ಲ ತನಗೆ ಅಂತ ದೇವರ ಹತ್ರ ಒಂದು ಕಡ್ಡೀನೂ ಕೇಳಲಿಲ್ಲ. ನಾದಿನಿಗೆ ಒಂದು ಗಂಡು ಕೊಡಪ್ಪಾ ಅಂತ ಬಾಯಿಬಿಟ್ಟು ಕೇಳ್ತಿದ್ದ. ಪಾದ್ರಿಗಳು ಅದನ್ನ ಕೇಳಿಸಿಕೊಂಡು, ಭಾವ ಅಂದ್ರೆ ಹೀಗಿರಬೇಕು ಅಂತ ಕಂಡಕಂಡವರಿಗೆಲ್ಲ ಹೇಳಿದ್ರು. ಅವರಿಗೇನು ಗೊತ್ತು, ಆ ಕೋಟು ಹಾಕ್ಕೊಂಡವನ ಪಾಡು.

ಕೋಟು ಮಾವ ಬದುಕಿದ್ದಾಗ ಹೊಲಿಸಿದ್ದು. ಕಂಬಳಿಯಷ್ಟು ದಪ್ಪ. ಜೇಬಿಗೆ ಒಂದು ಹಿಡಿ ಅಕ್ಕಿ ಹಾಕಿ ಎರಡು ಸುತ್ತು ಕುಣಿದ್ರೆ ಅನ್ನ ಆಗಿ ಬರಬೇಕು, ಅಂಥ ಸೆಕೆ. ಹೊಟ್ಟೆಗೆ ದಿಂಬು, ದಿಂಬಿಗೆ ಹಗ್ಗ. ಗಡ್ಡ ಬರೀ ಹತ್ತಿ. ಬಾಯಿ ತೆಗೆದ್ರೆ ಬಾಯೊಳಗೆ, ಮುಚ್ಚಿದ್ರೆ ಮೂಗೊಳಗೆ. ಮೂಟೆ ಹೊತ್ತು ಹಿತ್ತಲಿಂದ ಸುತ್ತು ಹಾಕ್ಕೊಂಡು ಬಂದು ಮುಂಬಾಗಿಲು ತಟ್ಟಬೇಕು. ಮಕ್ಕಳನ್ನ ಒಬ್ಬೊಬ್ಬರಾಗಿ ಮಡಿಲಲ್ಲಿ ಕೂರಿಸ್ಕೊಂಡು, ಈ ವರ್ಷ ಜಾಣನಾಗಿದ್ಯಾ ಅಂತ ಕೇಳಬೇಕು. ಮಕ್ಕಳು ಅಂದ್ರೆ ಇನ್ನೇನು ಮಕ್ಕಳು. ದೊಡ್ಡವನಿಗೆ ಮೀಸೆ ಬಂದಿತ್ತು. ಅವನು ಕೂತ್ರೆ ತಾತನ ತೊಡೆ ಮೂಳೆ ಲಟಕ್ ಅಂತಿತ್ತು. ಆದ್ರೂ ಪದ್ಧತಿ ಪದ್ಧತಿನೇ.

ಇಷ್ಟೆಲ್ಲ ಗೊಣಗ್ತಿದ್ದ ನಲ್ಲಿ ಭಾವ ಒಂದು ವಿಷಯ ಮಾತ್ರ ಯಾರ ಹತ್ರಾನೂ ಬಾಯಿಬಿಟ್ಟಿರಲಿಲ್ಲ. ಹೆಂಡತಿ ಹತ್ರಾನೂ.

ಅತ್ತೆ ಅವನ ಜೊತೆ ನೇರ ಮಾತಾಡಿದವಳೇ ಅಲ್ಲ. ಏನಿದ್ರೂ ಮಗಳ ಮೂಲಕ. ಇವನು ಎದುರಿಗೇ ಕಂಬದ ಹಾಗೆ ನಿಂತಿದ್ರೂ, ನಿನ್ನ ಗಂಡನಿಗೆ ಹೇಳು, ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ತಾ ಇದೆ, ಅನ್ನೋಳು. ಇವನು ಆಯ್ತು ಅತ್ತೆ ಅಂದ್ರೆ, ಮಗಳ ಕಡೆ ತಿರುಗಿ, ಏನಂತೆ ಅಂತ ಕೇಳೋಳು. ಸಾಗರ ದಾಟಿ ತಂತಿ ಕಳಿಸಿದ ಹಾಗೆ.

ಅದೇ ಅತ್ತೆ, ಇವನು ಗಡ್ಡ ಹಾಕ್ಕೊಂಡು ಬಾಗಿಲಲ್ಲಿ ನಿಂತ್ರೆ ಸಾಕು, ಓಡಿ ಬಂದು ಎರಡೂ ಕೆನ್ನೆ ಹಿಂಡಿ, "ಬಾ ನನ್ನಪ್ಪ, ಬಂಗಾರ, ಎಷ್ಟು ದೂರದಿಂದ ಬಂದ್ಯೋ, ಕೂತ್ಕೊ" ಅನ್ನೋಳು. ಆ ಮಾತು ಕೇಳೋಕೆ ನಲ್ಲಿ ಭಾವ ಒಳಗೊಳಗೇ ವರ್ಷವೆಲ್ಲ ಕಾಯ್ತಿದ್ದ. ಮಾವನ ಕಾಲದ ಕೈಕುರ್ಚಿ, ವರ್ಷವೆಲ್ಲ ಬಟ್ಟೆ ಮುಚ್ಕೊಂಡು ಮೂಲೇಲಿರೋದು, ಅವತ್ತು ಹಾಲ್ ಮಧ್ಯಕ್ಕೆ ಬರೋದು. ಕೇಕಿನ ಮೊದಲ ತುಂಡು ತಾತನಿಗೆ. ತಾತ ತಿನ್ನೋ ತನಕ ಯಾರೂ ಮುಟ್ಟೋ ಹಾಗಿಲ್ಲ. ಬೀದಿಯವರೂ ಬಂದು ಸೇರ್ತಿದ್ರು. ಪಕ್ಕದ ಮನೆ ಟೈಲರ್ ತಾತನನ್ನ ತಬ್ಕೊಂಡು ಕಣ್ಣೀರು ಹಾಕ್ತಿದ್ದ, ಹಬ್ಬ ಅಂದ್ರೆ ಇದಪ್ಪಾ ಅಂತಿದ್ದ. ಮಾರನೇ ದಿನ ಅದೇ ಟೈಲರ್ ಬೀದೀಲಿ ಸಿಕ್ಕಿದ್ರೆ, ಗೋಡೆ ನೋಡ್ಕೊಂಡು ಹೋಗ್ತಿದ್ದ.

ಕೊನೆಗೂ ಕಿರಿ ಮಗಳಿಗೆ ಒಬ್ಬ ಸಿಕ್ಕಿದ. ಕಾರು ಓಡಿಸೋದು ಕಲಿಸೋ ಮೇಷ್ಟ್ರು. ಮೂಗು ಸಣ್ಣದು, ಅಮ್ಮ ಬದುಕಿಲ್ಲ. ಕಲಿಯೋರ ಪಕ್ಕ ಕೂತು ಬ್ರೇಕು ಬ್ರೇಕು ಅಂತ ಕಿರುಚಿ ಕಿರುಚಿ ಅವನ ಗಂಟಲು ತುತ್ತೂರಿ ಆಗಿತ್ತು. ಮದುವೆ ದಿನ ಎಲ್ಲರಿಗಿಂತ ಜಾಸ್ತಿ ಕುಣಿದವನು ನಲ್ಲಿ ಭಾವ. ಷಡ್ಡಕ ಅಂದ್ರೆ ಇವನಿಗೆ ಇಷ್ಟೊಂದು ಪ್ರೀತಿನಾ ಅಂತ ಜನ ಮೂಗಿನ ಮೇಲೆ ಬೆರಳಿಟ್ರು.

ಡಿಸೆಂಬರ್ ಬರುತ್ತಲೇ ಕೋಟು, ದಿಂಬು, ಹತ್ತಿ ಎಲ್ಲಾನೂ ಗಂಟುಕಟ್ಟಿ ಮೇಷ್ಟ್ರಿಗೆ ಒಪ್ಪಿಸಿದ. ತಾನು ಒಂದು ಹೊಸ ಶರ್ಟು ತಗೊಂಡ, ನೀಲಿ ಗೆರೆಯದು. ಈ ಸಲ ಮನುಷ್ಯನ ಥರ ಮುಂಬಾಗಿಲಿಂದ ಹೋಗ್ತೀನಿ, ಮನುಷ್ಯನ ಥರ ಕೂತ್ಕೊಳ್ತೀನಿ ಅಂತ ಹೆಂಡತಿಗೆ ಹೇಳಿದ. ಕನ್ನಡಿ ಮುಂದೆ ನಿಂತು ಕಾಲರ್ ಸರಿಮಾಡ್ಕೊಳ್ಳೋವಾಗ, ಅತ್ತೆ ಬಾಗಿಲಲ್ಲಿ ನಿಂತು ಬನ್ನಿ ಕೂತ್ಕೊಳ್ಳಿ ಅಂತ ಅಂದ ಹಾಗೆ, ತಾನು ಇರಲಿ ಇರಲಿ ಅಂದ ಹಾಗೆ ಅವನಿಗೆ ಅನ್ನಿಸಿತು. ಹೊಸ ಮದುವೆಗಂಡು ಕೂಡ ಅಷ್ಟು ನಾಚಿರಲಾರ.

ಹಬ್ಬದ ದಿನ ಚರ್ಚಲ್ಲಿ ಪೂಜೆ ಮುಗಿಸ್ಕೊಂಡು ಎಲ್ಲರೂ ಮನೆಗೆ ಬಂದ್ರು. ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಇವನ ಹೊಸ ಶರ್ಟನ್ನ ಕಾಲರಿನಿಂದ ಕೊನೇ ಗುಂಡಿ ತನಕ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ, "ನಿನ್ನ ಗಂಡನಿಗೆ ಹೇಳು, ಅಡಿಗೆಮನೆ ಸಿಂಕು ಕಟ್ಟಿಕೊಂಡಿದೆ" ಅಂದಳು.

ಕೇಕಿನ ಹಿಟ್ಟು ಕಲಸಿದ ಪಾತ್ರೆ, ಕೋಳಿ ಹುರಿದ ಬಾಣಲೆ, ಎಲ್ಲಾನೂ ಅದರಲ್ಲೇ ತೊಳೆದಿದ್ರು. ಸಿಂಕು ತುಂಬ ಜಿಡ್ಡುನೀರು, ಒಂದು ದೋಣಿ ಬಿಡಬಹುದು. ನಲ್ಲಿ ಭಾವ ಹೊಸ ಶರ್ಟಿನ ತೋಳು ಮಡಿಸಿ, ಅಂಗಾತ ಮಲಗಿ ಸಿಂಕಿನ ಕೆಳಗೆ ತಲೆ ತೂರಿಸಿದ. ಪೈಪು ಬಿಚ್ಚಿದ. ಮೇಲಿನ ನೀರು ಸುರಿಯದ ಹಾಗೆ ಒಂದು ಬಟ್ಟೆ ಮುದ್ದೆ ಮಾಡಿ ತೂತಿಗೆ ಒತ್ತಿ ಹಿಡ್ಕೊಂಡು, ಬಕೆಟ್ ಕೊಡಿ ಅಂತ ಕೂಗಿದ. ಯಾರು ಕೊಡ್ತಾರೆ ಬಕೆಟ್ಟು? ಅದೇ ಹೊತ್ತಿಗೆ ಮುಂಬಾಗಿಲು ದಬದಬ ಬಡಿದ ಸದ್ದಾಯ್ತು.

ಮೇಷ್ಟ್ರು ಬಂದಿದ್ದ. ಬಂದವನು ಸುಮ್ಮನೆ ಬಂದನಾ? ಬಾಯಲ್ಲೇ ಹಾರನ್ ಹೊಡ್ಕೊಂಡು, ಗೇರ್ ಹಾಕ್ಕೊಂಡು, ಹಾಲ್ ಮಧ್ಯದಲ್ಲಿ ಕೀಚ್ ಅಂತ ಬ್ರೇಕ್ ಹಾಕಿ ನಿಂತ. ಮಕ್ಕಳು ಬಿದ್ದೂ ಬಿದ್ದೂ ನಕ್ಕವು. ಮೀಸೆಯವನೂ ನಕ್ಕ. ದೊಡ್ಡ ಸೊಸೆ ನಕ್ಕೂ ನಕ್ಕೂ ಗೋಡೆ ಹಿಡ್ಕೊಂಡಳು, ಇಷ್ಟು ವರ್ಷದಲ್ಲಿ ಇವತ್ತೇ ನೋಡಿ ತಾತ ಅಂದ್ರೆ ತಾತ ಅಂತ ಸಾರಿದಳು. ಟೈಲರ್ ಅಳೋ ಸದ್ದು ಸಿಂಕಿನ ಕೆಳಗೂ ಕೇಳಿಸ್ತು. ಅದೆಲ್ಲದರ ಮೇಲೆ ಅತ್ತೆಯ ದನಿ, ಬಾ ನನ್ನಪ್ಪ, ಬಂಗಾರ, ಕೂತ್ಕೊ ಅಂತ.

ನಲ್ಲಿ ಭಾವ ಬಟ್ಟೆ ಮುದ್ದೇನ ಇನ್ನಷ್ಟು ಒತ್ತಿ ಹಿಡಿದ. ಇಪ್ಪತ್ತು ವರ್ಷ ಬೈದು ಬೈದು ಹಾಕ್ಕೊಂಡ ಕೋಟು. ಈಗ ಬೇರೆಯವನು ಹಾಕಿದ ಅಂತ ಅಳು ಬರ್ತಾ ಇದೆ. ಥೂ ನಿನ್ನ ಜನ್ಮಕ್ಕೆ ಅಂತ ತನಗೇ ಅಂದ್ಕೊಂಡ. ಜಿಡ್ಡುನೀರು ಒಂದೊಂದೇ ತೊಟ್ಟು ಅವನ ಹಣೆ ಮೇಲೆ ಬೀಳ್ತಿತ್ತು.

ಸ್ವಲ್ಪ ಹೊತ್ತಿಗೆ ಮೇಷ್ಟ್ರು, ಜಿಂಕೆಗೆ ನೀರು ಕುಡಿಸಿ ಬರ್ತೀನಿ ಅಂತ ಮಕ್ಕಳಿಗೆ ಹೇಳಿ ಅಡಿಗೆಮನೆಗೆ ನುಗ್ಗಿದ. ಬೆವರು ಅವನ ಗಡ್ಡದಿಂದ ಹನೀತಿತ್ತು. ಗಡ್ಡ ಎತ್ತಿ ಹಣೆಗೆ ಏರಿಸ್ಕೊಂಡು ಒಂದು ಚೊಂಬು ನೀರು ಗಟಗಟ ಕುಡಿದು, ಸಿಂಕಿನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಣ್ಣಾ, ಅತ್ತೆ ನನ್ನ ಜೊತೆ ಮಾತಾಡಿದ್ರು" ಅಂದ. ಕಣ್ಣು ಫಳಫಳ ಅಂತಿತ್ತು. ಮದುವೆ ಆದಾಗಿಂದ ಒಂದು ಮಾತೂ ಆಡಿರಲಿಲ್ಲವಂತೆ. ನಿನ್ನ ಗಂಡನಿಗೆ ಹೇಳು, ನಿನ್ನ ಗಂಡನಿಗೆ ಹೇಳು, ಅಷ್ಟೇ ಅಂತೆ. ಇವತ್ತು ಕೆನ್ನೆ ಹಿಂಡಿ ಬಂಗಾರ ಅಂದರಂತೆ. ಕೊನೆಗೂ ನನ್ನನ್ನ ಈ ಮನೆಯವನು ಅಂತ ಒಪ್ಪಿಕೊಂಡ್ರಲ್ಲ ಅಣ್ಣಾ ಅಂತ ಮೇಷ್ಟ್ರು ಮೂಗೊರೆಸಿಕೊಂಡ.

"ನಿನ್ನನ್ನಲ್ಲ ಕಣೋ. ಗಡ್ಡಾನ."

ಮೇಷ್ಟ್ರು ಹಣೆ ಮೇಲಿದ್ದ ಹತ್ತೀನ ಒಂದು ಸಲ ಮುಟ್ಟಿ ನೋಡ್ಕೊಂಡ. "ನಿಮಗೂ ಹಿಂಗೇನಾ?"

"ನಾಳೆ ಕೇಳಿಸ್ಕೊ. ನಿನ್ನ ಗಂಡನಿಗೆ ಹೇಳು, ಕಾರು ತಗೊಂಡು ಬಂದು ಅಂಗಡಿಗೆ ಕರ್ಕೊಂಡು ಹೋಗಲಿ ಅಂತಾರೆ. ಇದನ್ನ ಹಿಡ್ಕೊ."

ಪಾಪ, ಮೇಷ್ಟ್ರು ಕೈ ಕೊಟ್ಟ. ನಲ್ಲಿ ಭಾವ ಅವನ ಎರಡೂ ಕೈನ ಬಟ್ಟೆ ಮೇಲೆ ಒತ್ತಿಟ್ಟು, ಬಿಟ್ರೆ ಅಷ್ಟೂ ನೀರು ಕೋಟಿನ ಮೇಲೇ ಬರುತ್ತೆ ಅಂತ ಹೇಳಿ, ತಾನು ಎದ್ದ. ಎಲ್ಲಿಗೆ ಅಣ್ಣಾ ಅಂತ ಮೇಷ್ಟ್ರು ಕೇಳ್ತಿದ್ದ ಹಾಗೇ ಹಾಲಿಗೆ ಹೋಗಿ, ನಡುವೆ ಇದ್ದ ಕೈಕುರ್ಚೀಲಿ ಕೂತ.

ಕೂತ ರಭಸಕ್ಕೆ ಕುರ್ಚಿ ಕಿರ್ ಅಂತು. ಎಲ್ಲರೂ ತಿರುಗಿ ನೋಡಿದ್ರು. ಸೊಳ್ಳೆ ಕೆಮ್ಮಿದ್ರೂ ಕೇಳಿಸ್ತಿತ್ತು. ಹೊಸ ಶರ್ಟಿನ ಮುಂಭಾಗ ಪೂರ್ತಿ ಜಿಡ್ಡು, ಕೂದಲಲ್ಲಿ ಒಂದು ಕೋಳಿ ಚರ್ಮದ ಚೂರು.

"ಭಾವ, ಅದು ತಾತನ ಕುರ್ಚಿ" ಅಂದ ದೊಡ್ಡ ಭಾವಮೈದುನ, ಮೆತ್ತಗೆ.

"ಗೊತ್ತು. ಇಪ್ಪತ್ತು ವರ್ಷ ಕೂತಿದೀನಿ."

ಸೊಸೆಯಂದಿರು ಅಯ್ಯೋ ಮಕ್ಕಳೆದುರಿಗೇ ಅಂತ ಬಾಯಿಗೆ ಸೆರಗು ಒತ್ತಿಕೊಂಡ್ರು. ಮಕ್ಕಳು ಮಾತ್ರ ಅವನನ್ನ ನೋಡಿ, ಮತ್ತೆ ಕೇಕು ನೋಡಿದ್ವು. ಎಲ್ಲಕ್ಕಿಂತ ಸಣ್ಣದು, ಐದು ವರ್ಷದ್ದು, ನಲ್ಲಿ ಮಾಮನೇ ತಾತ ಅಂತ ತನಗೆ ಹೋದ ವರ್ಷಾನೇ ಗೊತ್ತಿತ್ತು, ಹೇಳಿದ್ರೆ ದೊಡ್ಡವರಿಗೆ ಬೇಜಾರಾಗುತ್ತೆ ಅಂತ ಅಣ್ಣ ಹೇಳಿದ್ದ ಅಂತು. ಮೀಸೆಯವನು ನೆಲ ನೋಡಿದ.

ಅತ್ತೆ ಕೈಯಲ್ಲಿ ಕೇಕ್ ಕತ್ತರಿಸೋ ಚಾಕು. ಅವಳು ಹಿರಿ ಮಗಳ ಕಡೆ ತಿರುಗಿದಳು. "ನಿನ್ನ ಗಂಡನಿಗೆ ಹೇಳು, ಎದ್ದು ಬಟ್ಟೆ ಬದಲಾಯಿಸ್ಲಿ."

ಹಿರಿ ಮಗಳು ಇಪ್ಪತ್ತು ವರ್ಷ ಟಪಾಲು ಹೊತ್ತವಳು. ಮುಂದಿದ್ದ ತಟ್ಟೇನ ಅತ್ತ ಸರಿಸಿ, ಇತ್ತ ಸರಿಸಿ, "ಎದುರಿಗೇ ಇದ್ದಾರಲ್ಲಮ್ಮ. ನೀನೇ ಹೇಳು" ಅಂದಳು.

ಅತ್ತೆಯ ಲೆಕ್ಕದಲ್ಲಿ ಇದೊಂದು ಇರಲಿಲ್ಲ. ಕಿರಿ ಮಗಳನ್ನ ಹುಡುಕಿದಳು, ಅವಳು ಗಂಡ ಎಲ್ಲಿ ಅಂತ ಹಿತ್ತಲಿಗೆ ಹೋಗಿದ್ದಳು. ಗಂಡುಮಕ್ಕಳನ್ನ ನೋಡಿದಳು, ಗೂಳಿಗಳೆರಡೂ ಸೂರು ನೋಡ್ತಿದ್ವು. ಬೀದಿಯವರು ಖಾಲಿ ತಟ್ಟೆ ಹಿಡ್ಕೊಂಡು ಸಾಲಾಗಿ ನಿಂತಿದ್ರು. ಮೊದಲ ತುಂಡು ಹೋಗದೆ ಎರಡನೇದು ಇಲ್ಲವಲ್ಲ. ಹಬ್ಬದ ಪ್ರೀತಿ ದೊಡ್ಡದೇ, ಆದ್ರೆ ಹಸಿವು ಅದಕ್ಕಿಂತ ಒಂದು ಗೇಣು ದೊಡ್ಡದು. ಯಾರಿಗಾದ್ರೂ ಕೊಟ್ಟು ಶುರುಮಾಡಿ ಅಮ್ಮಾ, ಯಾರಾದ್ರೇನು ಅಂದ ಟೈಲರ್. ಅವನ ಕಣ್ಣೀರು ಅಷ್ಟೊತ್ತಿಗೆ ಒಣಗಿತ್ತು.

ಅತ್ತೆ ಕೇಕಿಗೆ ಚಾಕು ಹಾಕಿದಳು. ಮರ ಕಡಿಯೋ ಸದ್ದು ಬಂತು. ಒಂದು ತುಂಡು ತಟ್ಟೆಗೆ ಹಾಕಿ, ಮುಖ ಗೋಡೆ ಕಡೆ ಇಟ್ಕೊಂಡು, ಕೈ ಮಾತ್ರ ಅವನ ಕಡೆ ಚಾಚಿದಳು.

ನಲ್ಲಿ ಭಾವ ಕಚ್ಚಿದ. ಅತ್ತೆಯ ಕೇಕು ಅಂದ್ರೆ ಆ ಬೀದಿಗೆಲ್ಲ ಹೆಸರು. ಹೊಗಳದೆ ಇದ್ದವರು ಇಲ್ಲ, ಎರಡನೇ ತುಂಡು ಕೇಳಿದವರೂ ಇಲ್ಲ. ಇವನೂ ವರ್ಷಾ ವರ್ಷ ಆಹಾ ಅಂದವನೇ, ಆದ್ರೆ ಅವನ ಬಾಯಿಗೆ ಅಷ್ಟು ವರ್ಷ ಹೋಗಿದ್ದು ಮುಕ್ಕಾಲು ಪಾಲು ಹತ್ತಿ. ಬರೀ ಕೇಕು ನಾಲಿಗೆಗೆ ತಾಕಿದ್ದು ಇದೇ ಮೊದಲು. ಅವನು ನಿಧಾನಕ್ಕೆ ಅಗಿದ. ಒಳಗಿಂದ ಮೇಷ್ಟ್ರು, ಅಣ್ಣಾ ಕೈ ಸೋತುಹೋಯ್ತು, ಬೇಗ ಬನ್ನಿ ಅಂತ ತುತ್ತೂರಿ ಊದ್ತಿದ್ದ. ಯಾರೂ ಆ ಕಡೆ ತಿರುಗಲಿಲ್ಲ.

ಅತ್ತೆಗೆ ತಡೀಲಿಲ್ಲ. "ಹೇಗಿದೆಯಂತೆ?" ಅಂತ ಗೋಡೆಯನ್ನೇ ಕೇಳಿದಳು.

ಮಗಳು ಬಾಯಿ ಬಿಡಲಿಲ್ಲ. ಗೋಡೆಯೂ ಬಿಡಲಿಲ್ಲ.

"ತಳ ಸೀದಿದೆ ಅತ್ತೆ" ಅಂದ ನಲ್ಲಿ ಭಾವ.

ದೊಡ್ಡ ಸೊಸೆ ಕೈಯಿಂದ ಚಮಚ ಜಾರಿ ಬಿತ್ತು. ಆ ಮನೇಲಿ ಹುಟ್ಟಿದವರು ಹೇಳಿರಲಿಲ್ಲ, ಸೇರಿದವರು ಹೇಳಿರಲಿಲ್ಲ, ಮಾವ ಸಾಯೋವಾಗಲೂ ಹೇಳಿರಲಿಲ್ಲ. ಅತ್ತೆ ಗರಕ್ಕಂತ ತಿರುಗಿದಳು. ಗಡ್ಡ ಇಲ್ಲದ ಆ ಮುಖಾನ, ಹಣೆ ಮೇಲಿನ ಜಿಡ್ಡು ಸಮೇತ, ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ನಲ್ಲಿ ಭಾವ ಕುರ್ಚಿ ಬಿಡಲಿಲ್ಲ.

"ತಳ ಬಿಟ್ಟು ತಿನ್ನಪ್ಪ. ಪ್ರತೀ ಸಲಾನೂ ಸೀಯುತ್ತೆ ಹಾಳಾದ್ದು" ಅಂದಳು.

ಅವನು ತಳ ಬಿಟ್ಟು ತಿಂದ. ತಿಂದು, ತಟ್ಟೆ ಮತ್ತೆ ಮುಂದಕ್ಕೆ ಚಾಚಿದ.