ಪಂಚಮಿಯ ದಿನ ಮುರಿದ ಡ್ರ್ಯಾಗನ್

ನೆನೆದ ಕಾಗದಕ್ಕೆ ಅರೆದ ಮೆಂತ್ಯ ಸೇರಿದರೆ ಕಹಿಯೂ ಹುಳಿಯೂ ಬೆರೆತಂಥ ಒಂದು ವಾಸನೆ ಏಳುತ್ತದೆ. ತವರು ಕೊಕ್ಕನೂರಿನ ನಮ್ಮ ಹಿತ್ತಲಿನಲ್ಲಿ ಅವ್ವ ಹಳೆಯ ಕಾಗದವನ್ನು ಒರಳಲ್ಲಿ ಕುಟ್ಟಿ ಬುಟ್ಟಿ ಮಾಡುವಾಗ ನಾನು ಮೂಗು ಮುಚ್ಚಿಕೊಂಡು ಅವಳ ಬೆನ್ನಿಗೆ ಆತು ಕೂರುತ್ತಿದ್ದೆ. ೧೯೯೮ರ ಶ್ರಾವಣದಲ್ಲಿ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆ ತುಂಬ ಅದೇ ವಾಸನೆ. ಈ ಸಲ ಮೂಗು ಮುಚ್ಚಿಕೊಂಡವಳು ನನ್ನ ಹಿರಿಸೊಸೆ ಗುರುಶಾಂತಮ್ಮ.

“ಇದು ಮನೀನೋ ಚರಂಡೀನೋ? ಹಬ್ಬ ಬಂತು, ಇವಳು ನೋಡಿದ್ರೆ ಪಡಸಾಲಿಯಾಗ ಹಾವಿಗೆ ಕಾಲು ಹಚ್ಕೊಂತ ಕುಂತಾಳೆ.”

“ಹಾವಲ್ಲಕ್ಕ, ಡ್ರ್ಯಾಗನ್,” ಎಂದಳು ಸರೋಜಾ, ತಲೆ ಎತ್ತದೆ.

“ಉದ್ದಕ ಐತೆ, ಮೈ ಮ್ಯಾಲೆ ಹುರುಪಿ ಐತೆ. ನಮ್ಮೂರಾಗ ಅದಕ್ಕ ಹಾವು ಅಂತಾರೆ.”

ಸರೋಜಾ ನನ್ನ ಕಿರಿಸೊಸೆ. ಕಿರಿಮಗ ತೀರಿಕೊಂಡ ಮೇಲೂ ನಮ್ಮೊಂದಿಗೇ ಉಳಿದಳು. ಉಳಿದಳು ಅನ್ನುವುದಕ್ಕಿಂತ ಮನೆಗೆಲಸದಲ್ಲಿ ಕಳೆದುಹೋದಳು ಅನ್ನಬೇಕು. ಹರಿಹರದ ಒಂದು ಖಾಸಗಿ ಶಾಲೆಯಲ್ಲಿ ಕರಕುಶಲ ಕಲಿಸುವ ಟೀಚರ್ ಬೇಕಾಗಿತ್ತು. ಆಗಸ್ಟ್ ಹದಿನೈದಕ್ಕೆ ಅಲ್ಲಿ ನಾನಾ ದೇಶದ ಪುರಾಣಗಳ ಪ್ರದರ್ಶನ. ಕೆಲಸ ಬೇಕಾದವರು ಕಾಗದದಲ್ಲಿ ಡ್ರ್ಯಾಗನ್ ಮಾಡಿ ಪಂಚಮಿಯ ಮರುದಿನ ತರಬೇಕು ಎಂದಿದ್ದರು. ಆ ಕೆಲಸ ಸಿಕ್ಕರೆ ಸರೋಜಾಳಿಗೆ ದಿನಾ ಹೊಸ್ತಿಲು ದಾಟಲು ಒಂದು ಕಾರಣ ಸಿಗುತ್ತಿತ್ತು. ಸಿಗಬಾರದೆಂದು ನನ್ನ ಹಿರಿಮಗ ಬಸವಪ್ರಭುವಿನ ಹಟ.

“ಗಂಡ ಇಲ್ಲದಾಕಿ ದಿನಾ ಹರಿಹರದ ಬಸ್ಸಿಗೆ ಜೋತುಬಿದ್ರೆ ನಾನು ಅಂಗಡಿಯಾಗ ಮುಖ ಎತ್ತಂಗಿಲ್ಲ,” ಎನ್ನುತ್ತಿದ್ದ.

ವಿದ್ಯಾನಗರದ ಕಾಲೇಜು ಹುಡುಗಿಯೊಬ್ಬಳಿಂದ ಸರೋಜಾ ಪುಸ್ತಕ ತರಿಸಿ ಓದಿದ್ದಳು. ಯುರೋಪಿನ ಡ್ರ್ಯಾಗನ್ ಬೆಂಕಿ ಉಗುಳುತ್ತದೆ, ಚಿನ್ನಕ್ಕೆ ಕಾವಲು ಕೂರುತ್ತದೆ. ಚೀನಾದ್ದು ನದಿಯಲ್ಲಿ ಮಲಗಿದ್ದು ಮೋಡ ಕರೆಯುತ್ತದೆ. ಅದಕ್ಕೆ ಜಿಂಕೆಯ ಕೊಂಬು, ಮೀನಿನ ಹುರುಪೆ, ಹದ್ದಿನ ಉಗುರು. ಅವಳಿಗೆ ಮಳೆಯದೇ ಇಷ್ಟವಾಯಿತು. ಬಿದಿರಿನ ದಬ್ಬೆಗಳಿಂದ ಎಲುಬು ಕಟ್ಟಿ, ಕುಟ್ಟಿದ ಕಾಗದ ಮೆತ್ತಿದಳು. ಅವ್ವನ ಮೆಂತ್ಯದ ಹದ ನಾನು ಹೇಳಿಕೊಟ್ಟೆ.

ಪಂಚಮಿಯ ಬೆಳಿಗ್ಗೆ ಬಸವಪ್ರಭು, “ಹಾಲೆರೆಯೋ ದಿನ ದೇವರ ಕೋಣಿ ಮುಂದೆ ಇದು ಬ್ಯಾಡ,” ಎನ್ನುತ್ತ ಅದರ ಕತ್ತು ಹಿಡಿದು ಎತ್ತಿದ. ಒಳಗಿನ್ನೂ ಹಸಿಯಾಗಿದ್ದ ಕತ್ತು ಕಿತ್ತು ಬಂತು. ತಲೆ ಉರುಳಿ ಬಾಗಿಲಿಗೆ ಹೋಗಿ ಬಿತ್ತು.

“ಮೆತ್ತಗಿತ್ತು. ನಾನೇನ್ ಮಾಡ್ಲಿ?” ಎಂದು ಚಪ್ಪಲಿ ಮೆಟ್ಟಿ ಹೊರಟ.

ಸರೋಜಾ ಅಳಲಿಲ್ಲ. ಒರಳಿನ ಕಡೆ ನಡೆದಳು. ಗುರುಶಾಂತಮ್ಮ ಅಡ್ಡ ನಿಂತಳು.

“ಪಂಚಮಿ ದಿನ ಕುಟ್ಟಂಗಿಲ್ಲ, ಹೆಚ್ಚಂಗಿಲ್ಲ, ಒಲಿ ಮ್ಯಾಲೆ ಹಂಚು ಇಡಂಗಿಲ್ಲ. ನಾಗಪ್ಪಗ ನೋವಾಗ್ತೈತೆ. ಗೊತ್ತಿಲ್ಲೇನು?”

“ಗೊತ್ತೈತಕ್ಕ.”

“ಹಂಗಾರೆ ಸುಮ್ಕಿರು. ಕತ್ತರಿ ಮುಟ್ಟಿದ್ರೆ ನೋಡು!”

ಸರೋಜಾ ಹಳೆಯ ಪೇಪರೊಂದನ್ನು ಎತ್ತಿಕೊಂಡು, “ಕೈಯಾಗ ಹರಿಬೋದಲ್ಲ?” ಎಂದಳು.

“ಹರಿ, ಹರಿ. ಹರಿದು ಹಾಕೋದರಾಗ ನೀನು ಯಾವಾಗ್ಲೂ ಮುಂದೆ.”

ಹಿಂದಿನ ದಿನ ಅರೆದ ಮೆಂತ್ಯ ಒಂದು ಬಟ್ಟಲು ಉಳಿದಿತ್ತು. ನಾವಿಬ್ಬರೂ ಹಳೆಯ ಪೇಪರನ್ನು ಉಗುರಿನಷ್ಟಗಲ ಹರಿಯುತ್ತ ಕೂತೆವು. ಸರೋಜಾ ಬಿದ್ದ ತಲೆಯನ್ನು ಮತ್ತೆ ಜಾಗದಲ್ಲಿ ಕೂರಿಸಿ, ಚೂರುಗಳನ್ನು ಮೆಂತ್ಯದಲ್ಲಿ ಅದ್ದಿ, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಕತ್ತಿನ ಸುತ್ತ ಅಂಟಿಸಿದಳು. ಗುರುಶಾಂತಮ್ಮ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಎಳ್ಳುಂಡೆ ಕಟ್ಟುತ್ತ, ನಮ್ಮ ಕೈಗಳಿಗೇ ಕಾವಲಿದ್ದಳು. ಒಮ್ಮೆ ಸರೋಜಾಳ ಕೈ ರೂಢಿಯಂತೆ ಪಕ್ಕದಲ್ಲಿದ್ದ ಕತ್ತರಿಯತ್ತ ಹೋಯಿತು. ಈಗ ಬೈಗಳು ಬಂತು ಎಂದುಕೊಂಡೆ. ಗುರುಶಾಂತಮ್ಮ ಎದ್ದು ಬಂದು, ಕಾಲಿನಿಂದ ಕತ್ತರಿಯನ್ನು ಮಂಚದ ಕೆಳಗೆ ಸರಿಸಿ, ಮತ್ತೆ ಹೋಗಿ ಕೂತಳು.

ಸಂಜೆ ಜಿಟಿಜಿಟಿ ಮಳೆ. ಕರೆಂಟ್ ಹೋಗಿ ಫ್ಯಾನೂ ನಿಂತಿತು. ಕತ್ತು ಒದ್ದೆಯಾಗಿಯೇ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಡ್ರ್ಯಾಗನ್ ಪಡಸಾಲೆಯಲ್ಲಿಲ್ಲ. ಬಚ್ಚಲಲ್ಲಿ, ನೀರು ಕಾಯುವ ಹಂಡೆಯ ಪಕ್ಕ, ಬೋರಲು ಹಾಕಿದ ಬುಟ್ಟಿಯ ಮೇಲೆ, ಕತ್ತು ಒಲೆಯ ಕಾವಿಗೆ ತಿರುಗಿ ಕೂತಿತ್ತು.

“ದಾರಿಗೆ ಅಡ್ಡ ಇತ್ತು, ಸರಿಸ್ದೆ,” ಎಂದಳು ಗುರುಶಾಂತಮ್ಮ. “ಹಿಂಗ್ಯಾಕ ನೋಡ್ತೀರಿ ಅತ್ತಿ?”

ಹರಿಹರಕ್ಕೆ ಸರೋಜಾಳ ಜೊತೆ ನಾನೂ ಹೋದೆ. “ಈ ಪ್ರಾಣಿಗೆ ಫುಲ್ಲೋ ಹಾಫೋ?” ಎಂದು ಕಂಡಕ್ಟರ್ ಬಸ್ಸಿನವರನ್ನೆಲ್ಲ ನಗಿಸಿದ. ತಲೆಗೆ ಟವೆಲ್ ಸುತ್ತಿದ ಯಜಮಾನರೊಬ್ಬರು ಮಾತ್ರ ನಗದೆ ಎದ್ದು, ಬಾಲ ಮಡಚದಿರಲೆಂದು ತಮ್ಮ ಸೀಟು ಬಿಟ್ಟುಕೊಟ್ಟರು.

ಶಾಲೆಯ ಮೇಜಿನ ಮೇಲೆ ಮಿಂಚಿನ ಪುಡಿ ಉದುರಿಸಿದ, ರೆಕ್ಕೆಯ ಡ್ರ್ಯಾಗನ್‌ಗಳು ಸಾಲಾಗಿದ್ದವು. ಕಾರ್ಯದರ್ಶಿ ಕರಿಬಸವರಾಜ ನಮ್ಮದನ್ನು ನೋಡಿ ಹುಬ್ಬು ಗಂಟಿಕ್ಕಿದರು.

“ರೆಕ್ಕೆ ಎಲ್ಲಮ್ಮ?”

“ಇಲ್ಲ ಸರ್. ಇದು ನೀರಿನದು, ಮಳೆ ತರೋದು.”

“ಬೆಂಕಿ?”

“ಉಗುಳಂಗಿಲ್ಲ ಸರ್.”

“ಹಾರಂಗಿಲ್ಲ, ಉಗುಳಂಗಿಲ್ಲ. ಮತ್ತೇನ್ ಮಾಡ್ತೈತೆ, ನಿದ್ದೀನಾ?”

ಕೆಲಸ ಕೇಳಿ ಬಂದಿದ್ದ ಉಳಿದವರು ನಕ್ಕರು. ಕಾರ್ಯದರ್ಶಿ ಕತ್ತು ಹಿಡಿದು ಅಲ್ಲಾಡಿಸಿದರು. ಕತ್ತು ಜಗ್ಗಲಿಲ್ಲ.

“ಇಲ್ಲ್ಯಾಕ ಬೇರೆ ಥರ ಐತೆ?”

“ನಿನ್ನೆ ಮುರೀತು ಸರ್. ಪಂಚಮಿ, ಕುಟ್ಟಂಗಿಲ್ಲ, ಕತ್ತರಿ ಮುಟ್ಟಂಗಿಲ್ಲ. ಕೈಲೆ ಹರಿದು ಹಚ್ಚಿದೆ.”

ಅವರ ಹೆಬ್ಬೆರಳು ಆ ಚೂರುಗಳ ಮೇಲೆ ನಿಧಾನವಾಗಿ ಸರಿಯಿತು. ನುಣುಪಾದ ಮೈಗಿಂತ ಕತ್ತೇ ಮೀನಿನ ಹುರುಪೆಯಂತೆ ಕಾಣುತ್ತಿತ್ತು.

“ಒಂದನೇ ಕ್ಲಾಸಿನ ಮಕ್ಕಳಿಗೆ ಕತ್ತರಿ ಕೊಡಾಕ ಭಯ ನಮಗೆ. ಇದನ್ನ ಅವರಿಗೆ ಕಲಿಸ್ತೀರೇನು?”

“ಕಲಿಸ್ತೀನಿ ಸರ್.”

“ನಾಳಿಂದ ಬರ್ರಿ. ಸರಿ ಬರಲಿಲ್ಲ ಅಂದ್ರೆ ನೀವೂ ಬ್ಯಾಡ, ನಿಮ್ಮ ಹಾವೂ ಬ್ಯಾಡ.”

ಮನೆಯಲ್ಲಿ ಬಸವಪ್ರಭು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

“ನಾಳೆ ಬಸ್ ಹತ್ತಿದ್ರೆ ಈ ಮನ್ಯಾಗ ಆಕಿಗೆ ಊಟ ಇಲ್ಲ. ಅವ್ವ, ನೀನು ನಡುವೆ ಬರಬ್ಯಾಡ.”

“ಹಂಗಾರೆ ನನಗೂ ಬ್ಯಾಡ,” ಎಂದೆ.

ಅವನು ಬಾಗಿಲು ಬಡಿದು ಒಳಗೆ ಹೋದ. ಅಡುಗೆಮನೆಯಲ್ಲಿ ಗುರುಶಾಂತಮ್ಮ ಪಾತ್ರೆ ಕುಕ್ಕುತ್ತಿದ್ದಳು. ಯಾರ ಮೇಲಿನ ಸಿಟ್ಟೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಸರೋಜಾ ಒಂದು ಲೋಟ ನೀರು ಕುಡಿದು ಸೆರಗು ಸರಿಮಾಡಿಕೊಂಡಳು. ಬಸವಪ್ರಭು ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಪೇಪರ್ ಹಿಡಿದು ಕೂತಿದ್ದ. ಕಾಲು ಹಿಂದಕ್ಕೆಳೆಯಲಿಲ್ಲ. ಅವಳು ಗೋಡೆಗೆ ಒತ್ತಿಕೊಂಡು ದಾಟಿ ಹೊರಗೆ ಹೋದಳು.

ಅಷ್ಟರಲ್ಲಿ ಗುರುಶಾಂತಮ್ಮ ಕೈಯೊರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಗಂಡನ ಕುರ್ಚಿಯ ಮುಂದೆಯೇ ಹಾದು ಅಂಗಳಕ್ಕಿಳಿದಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿದ ಬಟ್ಟೆಯ ಗಂಟನ್ನು ಸರೋಜಾಳ ಕೈಗಿಟ್ಟು ಒಳಗೆ ಹೋದಳು.