ಗೀಟಿನಲ್ಲೊಂದು ಡೊಂಕು

"ಇಲ್ಲಿ ನೋಡ್ರಿ. ನಿನ್ನೆನೂ ಹಿಂಗ, ಮೊನ್ನೆನೂ ಹಿಂಗ." ನೇತ್ರಾ ಉದ್ದನೆಯ ಕಾಗದದ ಮೇಲೆ ಬೆರಳಿಟ್ಟಳು. ಸೀದಾ ಸಾಗಿದ್ದ ಗೀಟು ಒಂದು ಕಡೆ ಮಾತ್ರ ಬಲಕ್ಕೆ ಡೊಂಕಾಗಿ ಮತ್ತೆ ದಾರಿಗೆ ಬಂದಿತ್ತು. "ಶಿಳ್ ಫಾಟಾ ರಸ್ತೆ ಖಾಲಿ ಇರತದ, ಗುಂಡಿನೂ ಇಲ್ಲ. ಮತ್ತ ಗಾಡಿ ಯಾಕ ಹೊಳ್ಳಸ್ತೀರಿ, ರೇವಣಸಿದ್ದಣ್ಣ?"

"ಕೈ ಹೊಳ್ಳಿರಬೇಕ್ರಿ" ಎಂದು ರೇವಣಸಿದ್ದ ನೆಲ ನೋಡಿದ.

ಬೇಲಾಪುರದ ಆ ಪುಟ್ಟ ಆಫೀಸಿನವರಿಗೆ ಒಂದು ಹುಚ್ಚು. ಮನುಷ್ಯರು ಗಾಡಿ ಹೇಗೆ ಓಡಿಸುತ್ತಾರೆಂದು ಬರೆದಿಟ್ಟುಕೊಂಡು, ಮುಂದೊಂದು ದಿನ ಡ್ರೈವರನೇ ಇಲ್ಲದ ಗಾಡಿಗೆ ಅದನ್ನು ಕಲಿಸಬೇಕಂತೆ! ತೊಂಬತ್ತೆಂಟನೇ ಇಸವಿಯಲ್ಲಿ ಇದನ್ನು ಹುಚ್ಚೆನ್ನದೆ ಏನೆನ್ನಬೇಕು? ಗಾಡಿ ಹೊರಳಿದಂತೆ ಕಾಗದದ ಮೇಲೆ ಗೀಟು ಎಳೆಯಲು ಸ್ಟೇರಿಂಗಿಗೆ ಒಂದು ತಂತಿ ಕಟ್ಟಿದ್ದರು. ಜೀಪಿನ ನೆತ್ತಿಯ ಮೇಲೆ ಉಪಗ್ರಹದ ಮಾತು ಕೇಳುವ ಡಬ್ಬಿ. ಅಷ್ಟು ಎತ್ತರದಿಂದ ನೋಡಿಯೂ ಅದು ತೋರಿಸುವ ಜಾಗ ನೂರು ಮೀಟರ್ ಆಚೀಚೆ ಆಗುತ್ತಿತ್ತು.

ಆಫೀಸಿನ ಮುಖ್ಯಸ್ಥ ಧರ್ಮಪಾಲ ಸಾಹೇಬರು ಗೀಟು ನೋಡಿ ಒಂದೇ ಮಾತು ಅಂದಿದ್ದರು: "ಡ್ರೈವರ್ ಕುಡೀತಾನೆ. ಸೋಮವಾರದಿಂದ ಬೇರೆಯವನನ್ನ ಕರೀರಿ." ಹನ್ನೆರಡು ವರ್ಷ ಕಂಡವರ ಟೆಂಪೋ ಓಡಿಸಿದ ಮೇಲೆ ರೇವಣಸಿದ್ದನಿಗೆ ಪಕ್ಕಾ ಆಗಬಹುದಾದ ಕೆಲಸ ಸಿಕ್ಕಿದ್ದು ಇದೊಂದೇ.

ಮೂಲೆಯಲ್ಲಿ ಕಸ ಗುಡಿಸುತ್ತಿದ್ದ ಅವನ ಹೆಂಡತಿ ದಾನಮ್ಮ ಪೊರಕೆ ಹಿಡಿದೇ ಎದ್ದು ಬಂದಳು. ಅವನಿಗೆ ಈ ಕೆಲಸ ಕೊಡಿಸಿದವಳೇ ಅವಳು. "ಕುಡೀತಾರಂತ? ಎಪ್ಪಾ, ಯಾರಿಗಿ ಅಂತೀರಿ ಈ ಮಾತ! ಇವ್ರು ಚಾ ಬಿಟ್ರ ಏನೂ ಮುಟ್ಟಲ್ರೀ. ಮೇಡಂರಿ, ನಾನೂ ಗಾಡ್ಯಾಗ ಬರ್ತೀನಿ. ಎಲ್ಲಿ ಹೊಳ್ಳತದೋ ನೋಡೇ ಬಿಡ್ತೀನಿ."

ಬೇಡವೆನ್ನುವ ಧೈರ್ಯ ಯಾರಿಗಿತ್ತು? ಮೂವರೂ ಹೊರಟರು. ಪಕ್ಕದ ಡೊಂಬಿವಲಿ ಪಟ್ಟಣದಲ್ಲೇ ಹುಟ್ಟಿ ಬೆಳೆದ ನೇತ್ರಾ ತೊಡೆಯ ಮೇಲೆ ದಾಖಲೆ ಪುಸ್ತಕವಿಟ್ಟುಕೊಂಡು ಮುಂದೆ ಕೂತಳು. 'ಅಡ್ಡ ಬಂದದ್ದು' ಎಂಬ ಖಾನೆಯಲ್ಲಿ ದಿನವೂ ಎಮ್ಮೆ, ಗುಂಡಿ, ಲಗ್ನದ ಬ್ಯಾಂಡು ಎಂದು ಬರೆಯುವವಳು ಅವಳೇ. ಮಹಾಪೆ ದಾಟುತ್ತಲೇ ಮೆಲ್ಲಗೆ ಅಂದಳು: "ಅಣ್ಣಾ, ಇವತ್ತೊಂದು ದಿವಸ ಸೀದಾ ಹೋಗ್ರಿ. ಸಾಹೇಬ್ರಿಗೆ ನಾ ಹೇಳ್ಕೋತೀನಿ."

"ಆತ್ರಿ" ಎಂದ. ಮನಸ್ಸು ಗಟ್ಟಿ ಮಾಡಿದ. ನೌಕರಿ ದೊಡ್ಡದು, ಹಳೆಯದನ್ನು ಎಷ್ಟು ದಿನ ಹೊರುವುದು?

ಡೊಂಕು ಬೀಳುವ ಜಾಗದ ಹುಣಸೆಮರ ಕಂಡಿತು. ಎರಡೂ ಕೈಯಿಂದ ಸ್ಟೇರಿಂಗ್ ಬಿಗಿಹಿಡಿದು ಅವನು ಕನ್ನಡಿ ನೋಡಿದ. ಹಿಂದೆ ದಾನಮ್ಮ, ಯಾರೂ ಹೇಳದೆ, ಸೀರೆ ಒತ್ತರಿಸಿಕೊಂಡು ಎರಡೂ ಕಾಲು ಸೀಟಿನ ಮೇಲೆ ಎತ್ತಿಕೊಳ್ಳುತ್ತಿದ್ದಳು.

ಇವಳಿಗೂ ನೆನಪಿದೆಯಲ್ಲ! ಅವನ ಕೈ ತಾನಾಗಿ ಹೊರಳಿತು. ಜೀಪು ಬಲಕ್ಕೆ ಸರಿದು, ಮುಂದೆ ಹೋಗಿ ನಿಂತಿತು. ನೇತ್ರಾ ಹಣೆ ಒತ್ತಿಕೊಂಡಳು.

ಮಾತಾಡಿದವಳು ದಾನಮ್ಮ. "ಇವ್ರು ಗಾಡಿ ಹಿಡಿಯೂ ಮೊದಲ ನಾವು ಈ ರಸ್ತಾ ಹಾಕೋ ಕೂಲಿಗಿದ್ವಿ, ನಮ್ ಜೋಪಡಿ ಇಲ್ಲೇ ಇತ್ರಿ. ಮೂರು ಕಲ್ಲಿಟ್ಟು ಒಲಿ ಹೂಡಿದ್ದೆ. ನನ್ನ ಮಗಳಿಗಿ ಮೊದಲ ನೀರು ಕಾಸಿದ್ದು ಅದರ ಮ್ಯಾಲೇ. ಕೂಲಿಯವ್ರ ಮುಕಾದಮ ಬಂದು ಜೋಪಡಿ ಇವತ್ತೇ ಕೀಳ್ರಿ ಅಂದ. ಒಲಿ ಇನ್ನಾ ಬಿಸಿ ಇತ್ತು. ಅದರ ಮ್ಯಾಲ ಡಾಂಬರ್ ಸುರಿದವರು ಇವ್ರೇ." ಗಂಡನ ಕಡೆ ನೋಡಿದಳು. "ಅವತ್ತಿಂದ ಇಬ್ರೂ ಆ ಮಾತು ಎತ್ತಿಲ್ಲ. ಒಲಿ ತುಳೀಬಾರದಲ್ರೀ."

"ನಾ ಗಾಲಿ ಹಾಯ್ಸಲ್ಲ, ದಾನವ್ವ" ಎಂದ ರೇವಣಸಿದ್ದ. "ನೌಕರಿ ಹೋದ್ರ ಹೋಗ್ಲಿ."

ನೇತ್ರಾ ಪುಸ್ತಕ ತೆಗೆದು 'ಅಡ್ಡ ಬಂದದ್ದು' ಖಾನೆಯಲ್ಲಿ ಬರೆದಳು: ಒಲೆ. ಹಿಂದಿನ ಪುಟಗಳನ್ನೂ ತಿರುವಿ, ಇಪ್ಪತ್ತು ದಿನಗಳ ಸಾಲಿನಲ್ಲೂ ಅದನ್ನೇ ಬರೆದು, ಪ್ರತಿಯೊಂದಕ್ಕೂ ತನ್ನ ಸಹಿ ಹಾಕಿದಳು. "ಸಾಹೇಬ್ರು ಕೇಳ್ಲಿ, ಕರಕೊಂಡು ಬಂದು ತೋರಿಸ್ತೀನಿ. ಕಂಡಿದ್ದಕ್ಕ ಗಾಡಿ ಹೊಳ್ಳಸೋನು ಚೊಲೋ ಡ್ರೈವರೇ. ಇನ್ನೊಂದು ಫೇರಿ ಬಾಕಿ ಅದ, ನಡೀರಿ."

ಮಹಾಪೆಗೆ ಹೋಗಿ ತಿರುಗಿ ಬಂದರು. ಹುಣಸೆಮರ ಇನ್ನೂ ದೂರವಿತ್ತು. ನೇತ್ರಾ ಡಬ್ಬಿ ತೋರಿಸಿದ ಜಾಗ ನಂಬಿ, ಚಪ್ಪಲಿ ಕಳಚಿ, ಮೆಲ್ಲಗೆ ಎರಡೂ ಕಾಲು ಮೇಲೆತ್ತಿಕೊಂಡಳು.

"ಇನ್ನಾ ಮುಂದ ಅದರೀ ಮೇಡಂರಿ" ಎಂದಳು ದಾನಮ್ಮ ಹಿಂದಿನಿಂದ.

"ಇರಲಿ ಬಿಡ್ರಿ" ಎಂದು ನೇತ್ರಾ ಹಾಗೆಯೇ ಕೂತಿದ್ದಳು.