ಭಾನುಮತಿಯ ಬಲಭುಜ

ಎಂಬತ್ತೆರಡನೇ ಇಸವಿಯಲ್ಲಿ ನಾನು ಪೀಣ್ಯದ ಶಾಲೆಯೊಂದರಲ್ಲಿ ಪಿಟಿ ಮೇಷ್ಟ್ರು. ನಮ್ಮ ಸಾಫ್ಟ್‌ಬಾಲ್ ತಂಡಕ್ಕೆ ಚೆಂಡು ಎಸೆಯುತ್ತಿದ್ದವಳು ಹದಿಮೂರು ವರ್ಷದ ಭಾನುಮತಿ. ಎಳೆಯ ಭುಜ ಕೆಡಬಾರದೆಂದು ದಿನಕ್ಕೆ ನಲವತ್ತೇ ಎಸೆತ, ಭಾರ ಎತ್ತುವ ಹಾಗಿಲ್ಲ ಎಂದು ಕಟ್ಟುನಿಟ್ಟು ಮಾಡಿದ್ದೆ. ಆದರೂ ಅವಳ ಬಲಭುಜಕ್ಕೆ ನೋವು ಬಂತು, ಬಂದದ್ದು ಹೋಗಲಿಲ್ಲ. ಮೂವತ್ತಕ್ಕೆ ಇಳಿಸಿದೆ, ಇಪ್ಪತ್ತಕ್ಕೆ ಇಳಿಸಿದೆ. ಕೊನೆಗೆ ರೇಗಿಹೋಯಿತು.

"ಮನೇಲಿ ಕದ್ದು ಎಸೀತೀಯೇನೇ?"

"ಇಲ್ಲ ಸಾರ್. ಬೆಳಿಗ್ಗೆ ಬೋರ್‌ವೆಲ್ ಕೈಪಂಪಲ್ಲಿ ನೀರು ಹೊಡೀತೀನಿ, ಅಷ್ಟೇ."

"ಎಷ್ಟು ಬಿಂದಿಗೆ?"

"ನಮ್ದು ಹನ್ನೆರಡು. ವಠಾರದ ಓನರಮ್ಮಂದು ಎಂಟು. ಅಪ್ಪಂದು ಫಸ್ಟ್ ಶಿಫ್ಟು, ಅಮ್ಮಂಗೆ ಬೆನ್ನು ಬಗ್ಗಲ್ಲ."

ನನಗೆ ಸಾಕಾಗಿಹೋಗಿತ್ತು. "ನಾಳೆಯಿಂದ ಚೆಂಡು ಮುಟ್ಟಬೇಡ" ಎಂದೆ.

ನಾನು ನಿಲ್ಲಿಸಬಹುದಾಗಿದ್ದದ್ದು ಅದೊಂದನ್ನೇ.